ಉಪ್ಪಿಟ್ಟಿನಲ್ಲಿ ಉಪ್ಪಿಲ್ಲ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವುದನ್ನು ನಾವು ಬೇಲಿ ಅನ್ನುತ್ತೇವೆ. ಒಂದು ಕಾಲಕ್ಕೆ ಅಲ್ಲಿ ದಾಸವಾಳದ ಬೇಲಿಯೇ ಇತ್ತಂತೆ. ಈಗಿರುವುದು ಎದೆಮಟ್ಟದ ಕಾಂಪೌಂಡು ಗೋಡೆ. ಅದರ ಮೇಲೆ ಮೇಷ್ಟ್ರು ಮೊಣಕೈ ಊರಿ ನಿಂತರೆಂದರೆ ಒಳಗೆ ಕುಕ್ಕರು ಎಷ್ಟು ಸಲ ಕೂಗಿದರೂ ಕದಲುವವರಲ್ಲ. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಸಂಧಿ ಬಿಡಿಸದೆ ಅವರಿಗೆ ತಿಂಡಿ ಇಳಿಯುವುದಿಲ್ಲ. ನಾನು ಹೊಟ್ಟೆಪಾಡಿಗೆ ಪೈಥಾನ್ ಪ್ರೋಗ್ರಾಮು ಬರೆಯುವವನು. ಹೀಗೆ ಗೋಡೆಯ ಆಚೆ ಒಂದು ಭಾಷೆ, ಈಚೆ ಒಂದು ಭಾಷೆ.

ಮೊನ್ನೆ ಶನಿವಾರ ಬಟ್ಟೆ ಹರವುತ್ತಿದ್ದೆ. ಆಚೆಯಿಂದ ತಲೆ ಎದ್ದಿತು.

“ಏನಯ್ಯಾ, ಬಿಡುವಾಗಿದ್ದೀಯೋ?”

ಈ ಪ್ರಶ್ನೆಗೆ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. “ಹೇಳಿ ಮೇಷ್ಟ್ರೇ” ಅಂದೆ.

ಸಂಗತಿ ಇಷ್ಟು. ಸರ್ವೀಸಿನಲ್ಲಿದ್ದಾಗ ವರ್ಗವಾದ ಊರಲ್ಲೆಲ್ಲ ಕೇಳಿದ ಗಾದೆಗಳನ್ನು ಮೇಷ್ಟ್ರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದರು. ಬೇಸಿಗೆ ರಜೆಗೆ ಬಂದ ಮೊಮ್ಮಗ ಅವನ್ನೆಲ್ಲ ಸಾಲಿಗೊಂದರಂತೆ ಟೈಪ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟು ಹೋಗಿದ್ದ. ಈಗ ಮಹಿಳಾ ಸಮಾಜದವರು ‘ಗಾದೆಗಳಲ್ಲಿ ಅತ್ತೆ’ ಎಂಬ ವಿಷಯದ ಮೇಲೆ ಭಾಷಣಕ್ಕೆ ಕರೆದಿದ್ದಾರೆ. “ಅತ್ತೆ ಇರೋವನ್ನೆಲ್ಲ ಆರಿಸಿ ಕೊಡಯ್ಯಾ. ನಿನಗೇನು, ಐದು ನಿಮಿಷದ ಕೆಲಸ.”

ಐದು ನಿಮಿಷ ಯಾಕೆ, ಎರಡು ಸಾಲು ಸಾಕು ಎಂದು ನಾನೂ ಜಂಬ ಕೊಚ್ಚಿದೆ. ಲ್ಯಾಪ್‌ಟಾಪನ್ನು ತಂದು ಗೋಡೆಯ ಮೇಲೇ ಇಟ್ಟೆ. ಒಂದು ಬರಹದೊಳಗೆ ಇನ್ನೊಂದು ತುಣುಕು ಎಲ್ಲಿದೆ ಎಂದು ನೋಡಲು ಪೈಥಾನ್‌ನಲ್ಲಿ ‘ಫೈಂಡ್’ ಅನ್ನುವುದೊಂದಿದೆ. ಸಿಕ್ಕರೆ ಎಷ್ಟನೆಯ ಜಾಗದಲ್ಲಿ ಸಿಕ್ಕಿತೆಂದು ಹೇಳುತ್ತದೆ. ಸಿಗದಿದ್ದರೆ ಮೈನಸ್ ಒಂದು ಅನ್ನುತ್ತದೆ. ಇದಕ್ಕೆ ‘ಇಂಡೆಕ್ಸ್’ ಎಂಬ ಅಣ್ಣನೊಬ್ಬ ಇದ್ದಾನೆ. ಕೆಲಸ ಅದೇ, ಆದರೆ ಸಿಗದಿದ್ದರೆ ‘ವ್ಯಾಲ್ಯೂ ಎರರ್’ ಎಂದು ರಂಪ ಮಾಡಿ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತಾನೆ. ಬೆಳಬೆಳಿಗ್ಗೆ ರಂಪ ಬೇಡವೆಂದು ತಮ್ಮನನ್ನೇ ಕರೆದು, ಅತ್ತೆ ಸಿಕ್ಕರೆ ಆ ಸಾಲನ್ನು ತೋರಿಸು ಅಂದೆ.

ಪುಟಗಟ್ಟಲೆ ಬಂತು. ‘ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ’ ಬಂತು. ‘ಹಿತ್ತಲ ಗಿಡ ಮದ್ದಲ್ಲ’ ಬಂತು. ‘ಅತ್ತೆಗೊಂದು ಕಾಲ ಸೊಸೆಗೊಂದು ಕಾಲ’ ಮಾತ್ರ ಬರಲಿಲ್ಲ.

ಇದು ನನ್ನ ತಪ್ಪು, ಪೈಥಾನಿನದಲ್ಲ. ಅದು ಎಣಿಕೆ ಶುರುಮಾಡುವುದು ಸೊನ್ನೆಯಿಂದ. ಅತ್ತೆ ಸಾಲಿನ ಮೊದಲಿಗೇ ನಿಂತಿದ್ದರೆ ಸಿಗುವ ಉತ್ತರ ಸೊನ್ನೆ. ‘ಸಿಕ್ಕರೆ’ ಎಂದು ಪರೀಕ್ಷಿಸುವ ಜಾಗದಲ್ಲಿ ಸೊನ್ನೆಯೆಂದರೆ ‘ಇಲ್ಲ’, ಮಿಕ್ಕ ಯಾವ ಸಂಖ್ಯೆಯಾದರೂ ‘ಹೌದು’. ಮೈನಸ್ ಒಂದೂ ಹೌದೇ. ವರ್ಷಗಟ್ಟಲೆ ಪ್ರೋಗ್ರಾಮು ಬರೆದವರೂ ಬೀಳುವ ಹಳ್ಳ ಇದು. ಇಷ್ಟನ್ನು ನಾನು ವಿವರಿಸುವ ಹೊತ್ತಿಗೆ ಮೇಷ್ಟ್ರ ಮನೆಯಾಕೆ ಮೊರ ಹಿಡಿದು ಹೊರಗೆ ಬಂದಿದ್ದರು. ನಾವೆಲ್ಲ ಅವರನ್ನು ಅಕ್ಕ ಅನ್ನುತ್ತೇವೆ. ಅಕ್ಕಿ ಕೇರುತ್ತಲೇ ಅಂದರು: “ಅಂದ್ರೆ ಅತ್ತೆ ಬಾಗಿಲಲ್ಲೇ ನಿಂತಿದ್ರೆ ಮನೇಲಿಲ್ಲ ಅನ್ನುತ್ತೆ. ಊರಲ್ಲೇ ಇಲ್ದಿದ್ರೆ ಇದಾರೆ ಬನ್ನಿ ಅನ್ನುತ್ತೆ. ಒಳ್ಳೇ ಸೊಸೆ ಕಣಪ್ಪಾ ನಿನ್ನ ಯಂತ್ರ!”

ಮೇಷ್ಟ್ರಿಗೆ ಸೊನ್ನೆಯ ಮೇಲೇ ಸಿಟ್ಟು. “ಕಣದಲ್ಲಿ ರಾಗಿ ಅಳೆಯೋರು ಒಂದು ಅನ್ನೋಕೂ ಹಿಂದೆಮುಂದೆ ನೋಡಿ ‘ಲಾಭ, ಎರಡು, ಮೂರು’ ಅಂತ ಎಣಿಸ್ತಿದ್ರು. ಮೊದಲ ಕೊಳಗಕ್ಕೇ ಸೊನ್ನೆ ಅಂದ್ರೆ ಆ ಮನೆ ಉದ್ಧಾರ ಆಗುತ್ತೇನಯ್ಯಾ?”

ಆಗುತ್ತೆ ಮೇಷ್ಟ್ರೇ ಅಂದೆ. ಮೊದಲ ಅಕ್ಷರಕ್ಕಿಂತ ಮುಂಚೆ ಎಷ್ಟು ಅಕ್ಷರ ದಾಟಿ ಬಂದೆ ಎಂದು ಕೇಳಿದರೆ ಸೊನ್ನೆಯೇ ತಾನೆ? ಫೈಂಡ್ ಹೇಳುವುದು ಆ ಲೆಕ್ಕ. ಬರೀ ಇದೆಯೋ ಇಲ್ಲವೋ ಎಂದು ತಿಳಿದರೆ ಸಾಕಾದಾಗ ಅದನ್ನು ಕರೆಯಲೇಬಾರದು. ‘ಇನ್’ ಎಂಬ ಎರಡಕ್ಷರದ ಪದವಿದೆ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅದನ್ನು ಹಾಕಿದ ಮೇಲೆ ಅತ್ತೆಯರೆಲ್ಲ ಸಾಲಾಗಿ ಬಂದು ನಿಂತರು. ಒಂದು ತಮಾಷೆಯನ್ನೂ ತೋರಿಸಿದೆ. ಏನೇನೂ ಇಲ್ಲದ ಖಾಲಿ ತುಣುಕನ್ನು ಕೊಟ್ಟು ಇದು ಇದೆಯೇ ಎಂದು ಕೇಳಿದರೆ ಪೈಥಾನ್ ಯಾವ ಬರಹದಲ್ಲಾದರೂ ‘ಇದೆ’ ಅನ್ನುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಖಾಲಿ ಎಷ್ಟು ಸಲ ಇದೆ ಎಂದರೆ ಆರು ಅನ್ನುತ್ತದೆ. ಮೇಷ್ಟ್ರು ಸ್ವಲ್ಪ ಹೊತ್ತು ಆಕಾಶ ನೋಡಿದರು. ಬಯಲು, ಶೂನ್ಯ ಎಂದು ಏನೋ ಶುರುಮಾಡುವವರಿದ್ದರು. ಅಷ್ಟರಲ್ಲಿ ಲೆಕ್ಕ ತಲೆಗೆ ಹೊಕ್ಕಿತು.

“ಆರು ಹೇಗಯ್ಯಾ? ಕ, ನ್ನ, ಡ. ಮೂರಕ್ಷರ. ಮುಂದೊಂದು ಹಿಂದೊಂದು ಸೇರಿಸಿದರೂ ನಾಲ್ಕೇ ಸಂದು.”

ನಾನು ಕಾಯುತ್ತಿದ್ದ ಪ್ರಶ್ನೆ ಇದೇ. ಯಂತ್ರಕ್ಕೆ ಬರಹವೆಂದರೆ ಮಣಿ ಪೋಣಿಸಿದ ಸರ. ಅದನ್ನು ಸ್ಟ್ರಿಂಗ್ ಅನ್ನುವುದೂ ಅದಕ್ಕೇ. ನಮ್ಮ ಕಣ್ಣಿಗೆ ಒಂದಾಗಿ ಕಾಣುವ ‘ನ್ನ’ ಅದಕ್ಕೆ ಮೂರು ಮಣಿ: ನ, ಅರ್ಧಾಕ್ಷರದ ಗುರುತು, ಮತ್ತೆ ನ. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆಂದು ಒಂದು ಕೇರಿ ಹಂಚಿಕೊಟ್ಟಿದ್ದರು. 3200ರಿಂದ 3327ರವರೆಗೆ 128 ಮನೆ. ಎಲ್ಲದರಲ್ಲೂ ಜನ ಇಲ್ಲ, ಕೆಲವು ಖಾಲಿ. ಕ 3221ರಲ್ಲಿದೆ, ನ 3240ರಲ್ಲಿ, ಅರ್ಧಾಕ್ಷರದ ಗುರುತು 3277ರಲ್ಲಿ. ಹೀಗೆ ‘ಕನ್ನಡ’ ಅಂದರೆ ಐದು ಮನೆ ನಂಬರು. ಐದು ಮಣಿಗೆ ಆರು ಸಂದು. ತುಣುಕು ಹುಡುಕುವುದೆಂದರೆ ಈ ನಂಬರುಗಳ ಸಾಲು ಆ ಸಾಲಿನೊಳಗೆ ಇದ್ದ ಹಾಗೇ ಇದೆಯೇ ಎಂದು ನೋಡುವುದು, ಅಷ್ಟೇ. ಅಕ್ಷರ, ಕಾಗುಣಿತ, ಅರ್ಥ ಯಾವುದೂ ಅದಕ್ಕೆ ಬೇಡ.

“ಹಾಗಾದರೆ ಅಕ್ಕ ಎಲ್ಲಿದಾಳೆ ನೋಡು” ಅಂದರು ಮೇಷ್ಟ್ರು, ಮೊರದ ಕಡೆ ಕಣ್ಣು ಹೊಡೆದು.

ನೋಡಿದೆ. ಅಕ್ಕ ಸಿಕ್ಕಿದ್ದು ಬಹುಪಾಲು ಅಕ್ಕಿಯ ಗಾದೆಗಳಲ್ಲಿ. ಸಿಗದೆ ಏನು ಮಾಡುತ್ತಾಳೆ? ಅಕ್ಕ ಎಂಬ ನಾಲ್ಕು ಮಣಿಯ ಕೊನೆಗೆ ಗುಡಿಸಿನ ಮಣಿಯೊಂದು ಸೇರಿದರೆ ಅಕ್ಕಿ. ಅಕ್ಕಸಾಲಿಗನೂ ಬಂದ. ಮಗ ಎಂದು ಹುಡುಕಿದರೆ ಮಗು, ಮಗಳು, ಮಗ್ಗ, ಮಗ್ಗುಲು ಎಲ್ಲ ಬರುತ್ತವೆ. ಊರ ಎಂದರೆ ಊರಿನ ಜೊತೆ ಊರ್ವಶಿಯೂ ಇಳಿದು ಬರುತ್ತಾಳೆ.

ಇಂಗ್ಲಿಷಿನವರಿಗೂ ಈ ಪೀಡೆ ತಪ್ಪಿದ್ದಲ್ಲ. ಇಂಗ್ಲೆಂಡಿನಲ್ಲಿ ಸ್ಕಂತಾರ್ಪ್ ಎಂಬ ಊರಿದೆ. 1996ರಲ್ಲಿ ಎಓಎಲ್ ಎಂಬ ಇಂಟರ್ನೆಟ್ ಕಂಪನಿಯ ಬೈಗುಳ ಸೋಸುವ ಜರಡಿ ಆ ಊರಿನವರಿಗೆ ಖಾತೆ ತೆರೆಯಲೇ ಬಿಡಲಿಲ್ಲ. ಊರ ಹೆಸರಿನ ಹೊಟ್ಟೆಯೊಳಗೆ, ಇಂಗ್ಲಿಷ್ ಸ್ಪೆಲಿಂಗಿನಲ್ಲಿ, ಹೇಳಬಾರದ ನಾಲ್ಕಕ್ಷರ ಕೂತಿತ್ತು. ಈ ಬಗೆಯ ತಪ್ಪಿಗೆ ಈಗಲೂ ಆ ಊರಿನ ಹೆಸರೇ. (ಯಾವ ನಾಲ್ಕಕ್ಷರ ಎಂದು ಅಕ್ಕ ಕೇಳಿದರು. ನಾನು ಬಟ್ಟೆ ಕ್ಲಿಪ್ಪು ಹುಡುಕಲು ಹೋದೆ.)

ಇಂಗ್ಲಿಷಿನವರು ಪದದ ಗಡಿ ನೋಡಿ ಹುಡುಕಿ ಪಾರಾಗುತ್ತಾರೆ. ಅದಕ್ಕೆಂದು ಪೈಥಾನ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಏರ್ಪಾಡಿದೆ. ಹಿಂದೆ ಮುಂದೆ ಗಡಿಯಿದ್ದರೆ ಮಾತ್ರ ತೆಗೆದುಕೋ ಎಂದು ಅದಕ್ಕೆ ಹೇಳಬಹುದು. ಸರಿ, ಕನ್ನಡಕ್ಕೂ ಹಾಗೇ ಮಾಡೋಣವೆಂದರೆ ಅಲ್ಲಿ ಇನ್ನೊಂದು ಕಥೆ. ಪೈಥಾನ್ ಜೊತೆಗೇ ಬರುವ ಆ ಮಾಡ್ಯೂಲು ಕಾಗುಣಿತದ ಗುರುತುಗಳನ್ನೂ ಅರ್ಧಾಕ್ಷರದ ಗುರುತನ್ನೂ ಅಕ್ಷರವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಗೆ ಪದ ಮುಗಿಯಿತು ಅನ್ನುತ್ತದೆ. ‘ಕನ್ನಡ’ವನ್ನು ಕೊಟ್ಟು ಇದರಲ್ಲಿರುವ ಪದಗಳನ್ನು ಬಿಡಿಸಿಕೊಡು ಎಂದು ಮೇಷ್ಟ್ರ ಎದುರಿಗೇ ಕೇಳಿದೆ. ಎರಡು ಪದ ಕೊಟ್ಟಿತು: ‘ಕನ’, ‘ನಡ’.

ಮೇಷ್ಟ್ರು ಗೋಡೆಯಿಂದ ಮೊಣಕೈ ತೆಗೆದರು. ನಾನು ಬಂದಾಗಿನಿಂದ ಅದೇ ಮೊದಲು. “ನವೆಂಬರ್ ಒಂದಕ್ಕೆ ಇದನ್ನು ಹೇಳಿ ನೋಡು ಸಭೆಯಲ್ಲಿ” ಅಂದರು.

ಮನೆವೈದ್ಯ ಇಲ್ಲದಿಲ್ಲ. ಸಿಕ್ಕ ತುಣುಕಿನ ಮುಂದಿನ ಮಣಿ ಯಾವ ಜಾತಿಯದೆಂದು ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲನ್ನು ಕೇಳಬಹುದು. ಕಾಗುಣಿತದ್ದೋ ಒತ್ತಿನದೋ ಅನುಸ್ವಾರವೋ ಆದರೆ, ನಮ್ಮ ಅಕ್ಷರ ಇನ್ನೂ ಮುಗಿದಿಲ್ಲವೆಂದು ಅರ್ಥ, ಆಚೆ ತಳ್ಳಬಹುದು. ಆಗ ಅಕ್ಕಿ ಹೋಗಿ ಅಕ್ಕ ಉಳಿಯುತ್ತಾಳೆ. ಎರಡು ಸಾಲಿನ ಜಂಬ ಅಷ್ಟು ಹೊತ್ತಿಗೆ ಹದಿನೈದು ಸಾಲಾಗಿತ್ತು.

ಆದರೆ ಅಕ್ಕಿಯನ್ನು ತಳ್ಳುವ ಆ ಉಪಾಯ ಮುಂದಿನ ತೊಡಕಿಗೆ ನಾಟಲಿಲ್ಲ. ಮೇಷ್ಟ್ರು ಹಾಲು ಅಂದರು. ‘ಹಾಲು’ ಎಂದು ಹುಡುಕಿದೆ. ಒಂದಷ್ಟು ಬಂದವು. “ಬೆಳ್ಳಗಿರುವುದೆಲ್ಲ ಹಾಲಲ್ಲ, ಅದೆಲ್ಲಯ್ಯಾ?” ಅದು ಬರಲಿಲ್ಲ. ಬರುವುದೂ ಇಲ್ಲ. ಹಾಲು, ಅಲ್ಲ ಎರಡೂ ಕೂಡಿದಾಗ ಉಕಾರ ಲೋಪವಾಗಿ ಹಾಲಲ್ಲ ಆಗಿದೆ. ಯಂತ್ರ ಹುಡುಕುವುದು ಉಕಾರ ಸಮೇತ. “ಮೇಷ್ಟ್ರೇ, ಅದು ಹಾಲಲ್ಲ ಅಂತ ಗಾದೆಯೇ ಹೇಳ್ತಿದೆ, ಯಂತ್ರವೂ ಅದನ್ನೇ ಹೇಳಿದೆ” ಅಂದೆ. ಅವರು ನಗಲಿಲ್ಲ. ಲೋಪಸಂಧಿಯ ವಿಷಯದಲ್ಲಿ ಅವರು ನಗುವುದಿಲ್ಲ.

ಉಪ್ಪು ಎಂದು ಹುಡುಕಿದೆ. ಉಪ್ಪು ತಿಂದವನು ನೀರು ಕುಡಿಯಲು ಬಂದ. ಉಪ್ಪಿಗಿಂತ ರುಚಿಯಿಲ್ಲ ಎಂಬುದು ಬರಲಿಲ್ಲ. ಪರೀಕ್ಷೆಗೆಂದು ಅಕ್ಕ ಬೆಳಿಗ್ಗೆ ಮಾಡಿದ ತಿಂಡಿಯ ಹೆಸರನ್ನೂ ಟೈಪ್ ಮಾಡಿ, ಉಪ್ಪಿಟ್ಟಿನಲ್ಲಿ ಉಪ್ಪು ಇದೆಯೇ ಎಂದು ಕೇಳಿದೆ. ‘ಇಲ್ಲ’ ಅಂದಿತು. “ತಿಂದು ಹೇಳು ಅನ್ನು” ಅಂದರು ಅಕ್ಕ. ಮಳೆಗಾಲದಲ್ಲಿ ಕಾಲ ಸಿಗಲಿಲ್ಲ. ಅಲ್ಲಿ ಕಕಾರ ಗಕಾರವಾಗಿ ಕೂತಿದೆ, ಆದೇಶಸಂಧಿ. ಮನೆಯನ್ನು, ಮರವನ್ನು ಎಂಬ ಕಡೆ ಮಾತ್ರ ತೊಂದರೆಯಿಲ್ಲ. ಆಗಮಸಂಧಿಯಲ್ಲಿ ಯಕಾರವೋ ವಕಾರವೋ ನಡುವೆ ಬಂದು ಕೂರುವುದೇ ಹೊರತು ಮೂಲಪದಕ್ಕೆ ಕೈಹಚ್ಚುವುದಿಲ್ಲ. ಮೂರು ಸಂಧಿಗಳಲ್ಲಿ ಕಂಪ್ಯೂಟರಿಗೆ ಒಗ್ಗಿದ್ದು ಆಗಮ ಒಂದೇ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಕನ್ನಡ ವ್ಯಾಕರಣವನ್ನು ಈ ದಿಕ್ಕಿನಿಂದ ನೋಡಿದವರು ಬಹುಶಃ ಅವರೇ ಮೊದಲಿಗರು.

ಹಾಗಾದರೆ ಅಕ್ಕಿ ತಳ್ಳುವ ಉಪಾಯವನ್ನು ಬಿಟ್ಟು, ಬಾಲ ಕತ್ತರಿಸಿ ‘ಹಾಲ’ ಎಂದಷ್ಟೇ ಹುಡುಕಿದರೆ? ಹಾಲು, ಹಾಲಿನ, ಹಾಲಲ್ಲ ಎಲ್ಲ ಬರುತ್ತವೆ. ಹಾಲಾಹಲವೂ ಬರುತ್ತದೆ. ಹಾಲು ಬೇಕೆಂದವನಿಗೆ ವಿಷವನ್ನೂ ತಂದಿಡುವ ಯಂತ್ರವಿದು. ಬಿಗಿಯಾಗಿ ಹುಡುಕಿದರೆ ಬೇಕಾದ್ದು ತಪ್ಪಿಹೋಗುತ್ತದೆ, ಸಡಿಲವಾಗಿ ಹುಡುಕಿದರೆ ಬೇಡಾದ್ದು ಬಂದು ಬೀಳುತ್ತದೆ. ಕನ್ನಡದಲ್ಲಿ ಹುಡುಕುವವರು ಸಡಿಲವಾಗಿಯೇ ಹುಡುಕಬೇಕು ಎಂಬುದು ನನ್ನ ಪಕ್ಷ. ಬಂದು ಬಿದ್ದದ್ದನ್ನು ಕೇರಬಹುದು. ತಪ್ಪಿಹೋದದ್ದು ತಪ್ಪಿಹೋಯಿತೆಂದೇ ಗೊತ್ತಾಗುವುದಿಲ್ಲ. ಅಕ್ಕನ ಮೊರವನ್ನೇ ನೋಡುತ್ತ ಈ ಮಾತು ಅಂದೆ. “ಕಲ್ಲು ಆಯಬಹುದಪ್ಪಾ, ಅಂಗಡಿಯವನು ಅಳೆಯದೇ ಬಿಟ್ಟ ಅಕ್ಕಿ ಎಲ್ಲಿಂದ ತರೋಣ” ಅಂದರು.

ಇದೆಲ್ಲ ಸರಿ, ಇಷ್ಟು ಸಾಲುಗಳನ್ನು ಕಣ್ಣು ಮಿಟುಕಿಸುವುದರೊಳಗೆ ಅದು ಹೇಗೆ ಓದಿ ಮುಗಿಸುತ್ತದೆ ಎಂದು ಮೇಷ್ಟ್ರು ಕೇಳಿದರು. ಓದುವುದಿಲ್ಲ ಮೇಷ್ಟ್ರೇ, ಹಾರಿಸುತ್ತದೆ ಅಂದೆ. ಸಿ ಭಾಷೆಯ ಕೈಪಿಡಿಯಲ್ಲಿ ದೊಡ್ಡ ಬರಹಕ್ಕೆ ಹುಲ್ಲಿನ ಬಣವೆ ಎಂದೂ ಹುಡುಕುವ ತುಣುಕಿಗೆ ಸೂಜಿ ಎಂದೂ ಹೆಸರಿಟ್ಟಿದ್ದಾರೆ. “ಬಣವೇಲಿ ಸೂಜಿ ಯಾರು ಹಾಕ್ತಾರಯ್ಯಾ, ದನಗಳು ತಿಂದು ಸಾಯಲಿ ಅಂತಲೇ?” ಅಂದರು. ಆ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ.

ಬೋಯರ್ ಮತ್ತು ಮೂರ್ ಎಂಬಿಬ್ಬರು 1977ರಲ್ಲಿ ಒಂದು ಉಪಾಯ ಪ್ರಕಟಿಸಿದರು. ತುಣುಕನ್ನು ಮೊದಲಿನಿಂದಲ್ಲ, ಕೊನೆಯಿಂದ ಹೋಲಿಸುವುದು. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬುದನ್ನೇ ತೆಗೆದುಕೊಳ್ಳಿ. ಖಾಲಿ ಜಾಗ, ಅಲ್ಪವಿರಾಮ ಎಲ್ಲ ಸೇರಿ 22 ಮಣಿ. ಹುಡುಕಬೇಕಾದ್ದು ‘ಬಂಗಾರ’, ಐದು ಮಣಿ: ಬ, ಅನುಸ್ವಾರ, ಗ, ದೀರ್ಘ, ರ. ಮೊದಲ ನಾಲ್ಕನ್ನು ನೋಡಲೇ ಇಲ್ಲ; ನೇರ ಐದನೆಯದಕ್ಕೆ ಬೆರಳಿಟ್ಟೆವು. ಖಾಲಿ ಜಾಗ. ಬಂಗಾರದೊಳಗೆ ಖಾಲಿ ಜಾಗವೇ ಇಲ್ಲ, ಆದ್ದರಿಂದ ಇಲ್ಲಿವರೆಗೆ ಬಂಗಾರ ಇರಲಿಕ್ಕಿಲ್ಲ. ಒಮ್ಮೆಗೇ ಐದು ಮಣಿ ಹಾರಿ. ಬೆಳ್ಳಿಯ ಳಕಾರ ಸಿಕ್ಕಿತು. ಬಂಗಾರದಲ್ಲಿ ಳಕಾರವೂ ಇಲ್ಲ; ಇನ್ನೈದು ಹಾರಿ. ಮೌನದ ಔತ್ವ, ಇನ್ನೈದು. ಈಗ ಗಕಾರ ಸಿಕ್ಕಿತು. ಇದು ಬಂಗಾರದಲ್ಲಿದೆ, ಆದರೆ ಕೊನೆಯಲ್ಲಲ್ಲ, ಕೊನೆಯಿಂದ ಎರಡು ಹಿಂದೆ. ಹಾಗಾಗಿ ಎರಡೇ ಹೆಜ್ಜೆ ಸರಿಯಿರಿ. ರಕಾರ ಕೂಡಿತು. ಅಲ್ಲಿಂದ ಹಿಮ್ಮುಖವಾಗಿ ದೀರ್ಘ, ಗ, ಅನುಸ್ವಾರ, ಬ. ಒಟ್ಟು ಒಂಬತ್ತು ಸಲ ನೋಡಿದ್ದಕ್ಕೆ ಕೆಲಸ ಮುಗಿಯಿತು. ಫೈಂಡ್‌ನ ಉತ್ತರ 17. ಮೊದಲಿನಿಂದ ಒಂದೊಂದೇ ತಡಕಾಡಿದ್ದರೆ ಇಪ್ಪತ್ಮೂರು ಸಲ ನೋಡಬೇಕಿತ್ತು. ಪೈಥಾನ್‌ನ ಒಳಗೂ ಬಹುಕಾಲ ಇದೇ ಮನೆತನದ ಉಪಾಯ ಕೆಲಸ ಮಾಡಿದೆ. 3.10ನೆಯ ಆವೃತ್ತಿಯಿಂದ ಉದ್ದದ ಹುಡುಕಾಟಕ್ಕೆ ಇನ್ನೊಂದು ಜಾಣತನವನ್ನೂ ಸೇರಿಸಿದ್ದಾರೆ.

“ಬುದ್ಧಿವಂತರು” ಅಂದರು ಮೇಷ್ಟ್ರು. “ಹಾಕಿ ತೋರಿಸು.”

ಹಾಕಿದೆ. ಮೈನಸ್ ಒಂದು.

ಗಾದೆ ಕಣ್ಣೆದುರಿಗೇ ಇದೆ. ಬಂಗಾರ ಕೊನೆಯಲ್ಲೇ ಹೊಳೆಯುತ್ತಿದೆ. ಕಾಗುಣಿತ ತಪ್ಪಿಲ್ಲ, ಸಂಧಿಯಿಲ್ಲ, ಒತ್ತಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು, ನಾನೂ ನೋಡಿದೆ. ಐದು ನಿಮಿಷ ಹಾಗೇ ಕಳೆಯಿತು. ಕೊನೆಗೆ ಒಂದೊಂದು ಮಣಿಯ ಮನೆ ನಂಬರನ್ನೂ ಬರೆಯಿಸಿ ನೋಡಿದಾಗ ಕಳ್ಳ ಸಿಕ್ಕಿದ. ಹಿಂದಿನಿಂದ ಬಂದರೆ ರ ಸರಿ, ದೀರ್ಘ ಸರಿ, ಗ ಸರಿ. ನಾಲ್ಕನೆಯದು 3202 ಇರಬೇಕಾದ ಕಡೆ 3302 ಇದೆ. 3202 ಅನುಸ್ವಾರದ ಮನೆ. 3302 ಕನ್ನಡ ಅಂಕಿ ಸೊನ್ನೆಯದು. ಸರಿಯಾಗಿ ನೂರು ಮನೆ ಆಚೆ. ಮೊಮ್ಮಗ ‘ಬ’ ಬರೆದು, ಗುಂಡಗೆ ಇರುವುದೊಂದು ಬೇಕೆಂದು ಸೊನ್ನೆ ಒತ್ತಿ ಮುಂದೆ ಹೋಗಿದ್ದ. ಅವನನ್ನು ಬೈಯುವುದು ಹೇಗೆ? ನಾವೇ ಅಲ್ಲವೇ ಮಕ್ಕಳಿಗೆ ‘ಬ ಮುಂದೆ ಸೊನ್ನೆ ಹಾಕು’ ಎಂದು ಕಲಿಸುವುದು? ಅನುಸ್ವಾರಕ್ಕೂ ಸೊನ್ನೆ, ಏನೂ ಇಲ್ಲದ್ದಕ್ಕೂ ಸೊನ್ನೆ ಎಂದು ಕರೆದ ಭಾಷೆ ನಮ್ಮದು.

ಬೆಳಿಗ್ಗೆ ಅತ್ತೆಯನ್ನು ಬಚ್ಚಿಟ್ಟದ್ದೂ ಸೊನ್ನೆ, ಈಗ ಬಂಗಾರ ಕದ್ದದ್ದೂ ಸೊನ್ನೆ. ಗಾದೆಗಳಲ್ಲಿ ಅಂಕಿ ಬರೆಯುವ ಪದ್ಧತಿ ಇಲ್ಲವಾದ್ದರಿಂದ ಎಲ್ಲ ಸೊನ್ನೆಗಳನ್ನೂ ಕಣ್ಣು ಮುಚ್ಚಿ ಅನುಸ್ವಾರಕ್ಕೆ ಬದಲಿಸಿದೆ. ಕೈ ಹಾಕಿದ್ದೇ ಆಯಿತೆಂದು ಇನ್ನೊಂದನ್ನೂ ಮಾಡಿದೆ. ‘ಕೊ’ ಎಂಬುದನ್ನು ಒಂದೇ ಗುರುತಿನಿಂದಲೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡು ಗುರುತು ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ನಂಬರು ಬೇರೆ. ನಾರ್ಮಲೈಜ್ ಎಂಬ ಒಂದು ಕರೆಯಿಂದ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಕಣ್ಣಿಗೇ ಕಾಣದ ಮಣಿಯೂ ಒಂದಿದೆ, 8204ರದ್ದು. ಅಣ್ಣಾವ್ರ ಹೆಸರನ್ನು ರಾಜ್‌ಕುಮಾರ್ ಎಂದು ಕಕಾರ ಒತ್ತಾಗದಂತೆ ಬರೆಯುವಾಗ ನಡುವೆ ನಿಲ್ಲುವುದು ಅದೇ. ಅದಿಲ್ಲದೆ ಟೈಪ್ ಮಾಡಿ ಹುಡುಕಿದರೆ ಅಣ್ಣಾವ್ರೂ ಸಿಗುವುದಿಲ್ಲ. ಹುಡುಕುವ ಮುನ್ನ ಅದನ್ನು ಎರಡೂ ಕಡೆಯಿಂದ ಕಿತ್ತುಹಾಕುವುದೇ ಮದ್ದು.

ಬಟ್ಟೆ ಒಣಗಿತ್ತು. ಮೇಷ್ಟ್ರು ಅತ್ತೆಯರ ಪಟ್ಟಿ ಹಿಡಿದು ಒಳಗೆ ಹೋದರು. ಅಕ್ಕ ಒಂದು ತಟ್ಟೆ ಉಪ್ಪಿಟ್ಟನ್ನು ಗೋಡೆಯ ಮೇಲಿಟ್ಟು, ಉಪ್ಪು ಇದೆಯೋ ಇಲ್ಲವೋ ನೀನೇ ಹೇಳಪ್ಪಾ ಅಂದರು. ಇತ್ತು.

ನಿಮ್ಮ ಮನೆಯಲ್ಲೂ ಅಜ್ಜಿಯ ಹಾಡನ್ನೋ ಅಪ್ಪನ ಡೈರಿಯನ್ನೋ ಮಕ್ಕಳು ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದರೆ, ಒಮ್ಮೆ ಕಡತ ತೆರೆದು, ಕಂಟ್ರೋಲ್ ಎಫ್ ಒತ್ತಿ, ಕನ್ನಡದ ಅಂಕಿ ಸೊನ್ನೆಯನ್ನು ಹುಡುಕಿ ನೋಡಿ. ಅಕ್ಷರಗಳ ನಡುವೆ ಸಿಕ್ಕರೆ ಈಗಲೇ ತಿದ್ದಿಬಿಡಿ. ನಮ್ಮ ಮೇಷ್ಟ್ರ ಕಡತದಲ್ಲಿ ಬೆಳ್ಳಿಯೆಲ್ಲ ಸಿಕ್ಕಿತ್ತು. ಬಂಗಾರ ಒಂದೂ ಸಿಕ್ಕಿರಲಿಲ್ಲ.